ಮೌಸ್ ಮತ್ತು ಮೂಲೆಯ ಕೀಲಿ

ಇಂದುಮತಿ ಕಂಪ್ಯೂಟರಿನಲ್ಲಿ ಕಪ್ಪು ಪರದೆಯ ಎಡಿಟರ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಬರೆಯಲು ಕಲಿಯುತ್ತಿದ್ದಳು. ಅಲ್ಲಿ ಮೌಸಿನ ಆಟ ನಡೆಯದು. ಎಲ್ಲ ಕೆಲಸವೂ ಕೀಲಿಗಳದೇ. ಕಮಾಂಡ್ ಕೊಡುವ ಮುನ್ನ ಮೂಲೆಯ ಎಸ್ಕೇಪ್ ಕೀಲಿ ಒತ್ತಬೇಕು. ಅವಳು ಅದನ್ನು ಮರೆತಳು. ಕೆಳಗಿನ ಸಾಲಿಗೆ ಇಳಿಯಲೆಂದು ಒತ್ತಿದ 'ಜೆ' ಅಕ್ಷರಗಳು ಬರಹದ ನಡುವೆಯೇ ಸಾಲುಗಟ್ಟಿ ನಿಂತವು.

ಮೌಸ್ ನಕ್ಕಿತು. "ನೋಡಿದೆಯಾ, ಎಸ್ಕೇಪಣ್ಣಾ? ಹತ್ತು ವರ್ಷ ನಾನು ಕರೆದಲ್ಲೆಲ್ಲ ಬಂದವಳು ಇವಳು. ಇನ್ನೊಂದು ಸಲ ತಪ್ಪಿದರೆ ನನ್ನನ್ನೇ ಹುಡುಕಿಕೊಂಡು ಬರುತ್ತಾಳೆ."

"ನೂರು ಸಲ ತಪ್ಪಲಿ," ಎಂದಿತು ಎಸ್ಕೇಪ್ ಕೀಲಿ. "ನೂರು ಸಲವೂ ಅವಳ ಬೆರಳಿಗೆ ತಗ್ಗುತ್ತೇನೆ. ನಿನ್ನೆದುರು ಮಾತ್ರ ತಗ್ಗುವುದಿಲ್ಲ."

ಇಂದುಮತಿ ಮತ್ತೆ ತಪ್ಪಿದಳು. ಅಷ್ಟರಲ್ಲಿ ಅವಳು ಕಮಾಂಡುಗಳನ್ನು ಬರೆದಿಟ್ಟುಕೊಂಡಿದ್ದ ಹಾಳೆ ಫ್ಯಾನಿನ ಗಾಳಿಗೆ ಏಳತೊಡಗಿತು. ಅವಳ ಕೈ ಮೌಸಿನತ್ತ ಹೋಯಿತು.

"ನಾನು ಹೇಳಲಿಲ್ಲವೇ!" ಎಂದು ಮೌಸ್ ಬೀಗಿತು.

"ಇದನ್ನು ಕಲಿಯದೆ ಇವತ್ತು ನಾನು ಏಳೋದಿಲ್ಲ," ಎಂದ ಇಂದುಮತಿ, ಹಾಳೆ ಹಾರದಂತೆ ಮೌಸನ್ನು ಎತ್ತಿ ಅದರ ಮೇಲಿಟ್ಟು, ಎಸ್ಕೇಪ್ ಒತ್ತಿದಳು.