ಬೆಕ್ಕು ಕೇಳದೆ ಬಿಟ್ಟ ಮಾತು

ಮೀನಿನ ತಲೆಗಾಗಿ ಕಂಡವರ ಕಾಲು ಸವರಿ ಸಾಕಾಗಿದ್ದ ಕರಿ ಬೆಕ್ಕೊಂದು ತನ್ನದೇ ದೋಣಿ ಕಟ್ಟುತ್ತೇನೆಂದು ಹೊರಟಿತು. ಕಲಿಯಲು ಹೋದದ್ದು ಯಾರ ಹತ್ತಿರ ಅಂತೀರಿ? ಅಳಿವೆಯಲ್ಲಿ ಮುಳುಗಿ, ನೀರಿಳಿದಾಗ ಮಾತ್ರ ಮೂತಿ ತೋರಿಸುವ ಹಳೇ ದೋಣಿಯ ಹತ್ತಿರ! ಅದು ಮುಳುಗಿದ್ದೇಕೆಂದು ತೀರದಲ್ಲೆಲ್ಲ ಗುಸುಗುಸು ಇತ್ತು. ಅಂಬಿಗ ಕುಡಿದಿದ್ದ ಅಂತ ಏಡಿ ಹೇಳಿದರೆ, ಜೊತೆಗೆ ಇನ್ನೊಬ್ಬನ ಹೆಂಡತಿಯೂ ಇದ್ದಳು ಅಂತ ಉಪ್ಪುಖಾರ ಹಚ್ಚಿದ್ದು ಇದೇ ಬೆಕ್ಕು.

"ಅಕ್ಕಾ, ಮೂತಿ ಎಷ್ಟೆತ್ತರ ಇರಬೇಕು?"

"ನನ್ನ ಹಾಗೆ ಕಾಣಬೇಕಾದರೆ ಎತ್ತರಕ್ಕೇ ಇಡು."

"ಕೂರುವ ಜಾಗ?"

"ನನ್ನದು ಎಲ್ಲಕ್ಕಿಂತ ಮೇಲಿತ್ತು." ದನಿ ಪಾಳುಬಾವಿಯಿಂದ ಬಂದಂತಿತ್ತು. "ಇನ್ನೇನಾದರೂ ಕೇಳುವುದಿದೆಯೇನೇ?"

ಮುಳುಗಿದ್ದೇಕೆ ಎಂಬ ಮಾತು ಬೆಕ್ಕಿನ ನಾಲಗೆಯ ತುದಿಗೇ ಬಂದಿತ್ತು. ಬೆನ್ನ ಹಿಂದೆ ಆಡಿಕೊಂಡದ್ದನ್ನು ಎದುರಿಗೆ ಕೇಳುವುದು ಹೇಗೆ? "ಏನಿಲ್ಲ ಅಕ್ಕಾ" ಅಂದು ಬಂದುಬಿಟ್ಟಿತು.

ಕಟ್ಟಿದ ದೋಣಿಯನ್ನು ನೋಡಿ ತೀರವೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಬೆಕ್ಕು ತುದಿಯಲ್ಲಿ ಕೂತು ಮೀಸೆ ತಿರುವಿತು. ಮೊದಲ ಅಲೆಗೇ ದೋಣಿ ಮಗುಚಿತು.

ತಳದಲ್ಲಿ ಹಳೇ ದೋಣಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು. ಅಲ್ಲಿ ಆಗಲೇ ಒಂದು ನರಿ, ಒಂದು ಮೇಕೆ ಕಣ್ಣು ಮಿಟುಕಿಸದೆ ಕೂತಿದ್ದವು.

"ಅಕ್ಕಾ, ನೀನ್ಯಾಕೆ ಮುಳುಗಿದೆ?"

"ಮೇಲೆ ಭಾರ, ಬುಡ ಹಗುರ. ಎಲ್ಲರೂ ಇಲ್ಲಿಗೆ ಬಂದ ಮೇಲೇ ಕೇಳುತ್ತೀರಿ."

ಅಷ್ಟರಲ್ಲಿ ಮೇಲಿನಿಂದ ನಾಯಿಯ ದನಿ ಕೇಳಿಸಿತು: "ಅಕ್ಕಾ, ಮೂತಿ ಎಷ್ಟೆತ್ತರ ಇರಬೇಕು?"

ಬೇಡವೋ ಎಂದು ಬೆಕ್ಕು ಕಿರುಚಿತು. ಮೇಲೆ ಹೋದದ್ದು ಬರೀ ಗುಳ್ಳೆ.