ಕರಿಕಾಳಿನ ದಿಣ್ಣೆ

ನಮ್ಮ ಹಿರೇಗೊಣ್ಣಿಯ ಪೂರ್ವಕ್ಕೆ, ಹಳ್ಳ ದಾಟಿದ ಕೂಡಲೇ ಸಿಗುವ ದಿಣ್ಣೆಯ ಮೇಲೆ ಹೆಂಚು ಉದುರಿದ ಹೆರಿಗೆ ಆಸ್ಪತ್ರೆಯೊಂದು ನಿಂತಿದೆ. ಅದಕ್ಕೆ ಬಾಗಿಲು ಒಂದೇ. ಯಾವಾಗ ಹೋದರೂ ಹೊಸ್ತಿಲ ಮೇಲೆ ನಾಲ್ಕಾರು ಕರಿ ಅವರೆಕಾಳು ಬಿದ್ದಿರುತ್ತವೆ. ಬಂದವರು ಫೋಟೊ ಹೊಡೆದುಕೊಂಡು, “ಇಲ್ಲಿ ಅವರೆ ಚೆನ್ನಾಗಿ ಬೆಳೆಯುತ್ತಾ ಅಜ್ಜ?” ಎನ್ನುತ್ತಾರೆ. ಎಷ್ಟು ಜನಕ್ಕೆ ಅಂತ ಹೇಳುವುದು! ಗಂಟಲು ಹರಿದುಕೊಂಡು ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ. ನೀವಾದರೂ ಕೊನೆಯ ತನಕ ಕೂತು ಕೇಳಿ.

ಹಿಂದೆ ಒಮ್ಮೆ, ನಮ್ಮ ಅಜ್ಜಿಯರ ಕಾಲದಲ್ಲಿ, ಡೊಮಿನಿಕನ್ ಎಂಬ ಕ್ರೈಸ್ತ ಸಭೆಯ ಐವರು ಸಿಸ್ಟರುಗಳು ಈ ಊರಿಗೆ ಬಂದರಂತೆ. ಬಿಳಿಯ ನಿಲುವಂಗಿ, ಮೇಲೊಂದು ಕರಿ ಹೊದಿಕೆ, ಸೊಂಟದಲ್ಲಿ ಜಪಸರ. ಊರಿನ ಯಜಮಾನರಾದ ಶರಭನಗೌಡರು ತಮ್ಮ ಹಳೆಯ ಮನೆ ಬಿಟ್ಟುಕೊಟ್ಟರು. ಅಲ್ಲಿ ಅವರು ಹುಡುಗಿಯರಿಗೆ ಅಕ್ಷರ ಕಲಿಸಿದರು, ಹೆರಿಗೆ ಮಾಡಿಸಿದರು. ಅವರಲ್ಲೊಂದು ಪದ್ಧತಿ ಇತ್ತು. ಹಿರಿಯಳಾದ ಸಿಸ್ಟರ್ ಬೆನಿಲ್ಡಾ ಕೂಡ ಒಬ್ಬಳೇ ಏನನ್ನೂ ತೀರ್ಮಾನಿಸುವಂತಿರಲಿಲ್ಲ. ಎಲ್ಲರೂ ಕೂತು ಒಂದು ಗಡಿಗೆಗೆ ಗುಟ್ಟಾಗಿ ಕಾಳು ಹಾಕಬೇಕು. ಒಪ್ಪಿಗೆಗೆ ಬಿಳಿ ಅವರೆ, ಬೇಡವೆಂದರೆ ಕರಿ ಅವರೆ. ಹೆಂಗಸರು ಕಾಳು ಹಾಕಿ ನ್ಯಾಯ ಮಾಡುತ್ತಾರೆಂದು ಕಟ್ಟೆಯ ಮೇಲಿನ ಗಂಡಸರು ನಕ್ಕಿದ್ದೇ ನಕ್ಕಿದ್ದು.

ಹೀಗಿರಲು ಊರಾಚೆಯ ಕೇರಿಯ ದ್ಯಾಮವ್ವ ನೋವು ತಿನ್ನುತ್ತಿದ್ದ ಮಗಳು ಕೆಂಚವ್ವನನ್ನು ಕರೆತಂದಳು. ಮಗು ಅಡ್ಡ ತಿರುಗಿತ್ತು. ಗೌಡರಿಗೆ ಸುದ್ದಿ ಮುಟ್ಟಿತು. “ಆ ಕೇರಿಯವರಿಗೆ ಹಿತ್ತಲಲ್ಲಿ ಬೇರೆ ಬಾಗಿಲು, ಬೇರೆ ಕೊಟ್ಟಿಗೆ ಮಾಡ್ರಿ. ಇಲ್ಲಾಂದ್ರ ಮನಿ ಖಾಲಿ ಮಾಡ್ರಿ,” ಎಂದು ಹೇಳಿಕಳಿಸಿದರು. ಸಿಸ್ಟರುಗಳು ಒಳಗೆ ಕೂತರು. ಗೌಡರ ಷರತ್ತು ಒಪ್ಪಬೇಕೇ ಎಂಬುದು ಪ್ರಶ್ನೆ. ಗಡಿಗೆ ಬೋರಲು ಹಾಕಿದರೆ ಐದಕ್ಕೆ ಐದೂ ಕರಿ! ಆದರೆ ಪ್ರಶ್ನೆ ಏನೆಂದು ಹೊರಗೆ ಕೂತವಳಿಗೆ ಹೇಳಬೇಡವೇ? ಅದೊಂದು ಹೊಳೆಯಲಿಲ್ಲ ಆ ಪುಣ್ಯಾತ್ಗಿತ್ತಿಯರಿಗೆ. ಕಿಟಕಿಯಿಂದ ಇಣುಕಿದ ದ್ಯಾಮವ್ವ ಕರಿಕಾಳು ಕಂಡು ಎದೆ ಬಡಿದುಕೊಂಡಳು. “ಕರಿ ಬಿದ್ದೈತಿ, ಬ್ಯಾಡ ಅಂದ್ರವ್ವ ಇವರೂ. ನಡಿ,” ಎಂದು ಮಗಳನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟಳು.

ಬೆನಿಲ್ಡಾ ಹೊರಗೆ ಬಂದು ನೋಡಿದರೆ ಜಗಲಿ ಖಾಲಿ. ಬರಿಗಾಲಲ್ಲಿ ಓಡಿದಳಂತೆ. ಇದೇ ದಿಣ್ಣೆಯ ಮೇಲೆ ಕೆಂಚವ್ವ ಕುಸಿದಿದ್ದಳು. ಬೆನಿಲ್ಡಾ ತನ್ನ ಕರಿ ಹೊದಿಕೆಯನ್ನೇ ನೆಲಕ್ಕೆ ಹಾಸಿ, ಮಗುವನ್ನು ತಿರುಗಿಸಿ, ತಾಯಿಯನ್ನೂ ಕೂಸನ್ನೂ ಉಳಿಸಿದಳು ಎನ್ನುತ್ತಾರೆ. “ಬ್ಯಾಡ ಅಂದದ್ದು ನಿಮಗಲ್ಲವ್ವ, ಗೌಡರಿಗೆ,” ಎಂದಾಗ ದ್ಯಾಮವ್ವ ಅವಳ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳಂತೆ. ಗೌಡರು ಅಂದೇ ಮನೆಗೆ ಬೀಗ ಹಾಕಿಸಿದರು. ಸಿಸ್ಟರುಗಳು ಹಳ್ಳದ ನೀರು ಹೊತ್ತು ಇಲ್ಲೇ ಗೋಡೆ ಎಬ್ಬಿಸಿ, ಬೇಕೆಂದೇ ಒಂದೇ ಬಾಗಿಲು ಇಟ್ಟರು.

ಈಗ ಸಿಸ್ಟರುಗಳಿಲ್ಲ, ಆಸ್ಪತ್ರೆ ಮುಚ್ಚಿ ಬಹಳ ಕಾಲವಾಯಿತು. ಹೊರಗೆ ಹಾಕಿದ ಹೊಸ ಫಲಕದಲ್ಲಿ ‘ಶರಭನಗೌಡರ ಕೊಡುಗೆ’ ಎಂದಿದೆ. ಓದಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ತಿಂಗಳು ತುಂಬಿದ ಬಸುರಿಯರು ಎಲ್ಲ ಕೇರಿಗಳಿಂದಲೂ ಬರುತ್ತಾರೆ. ಮೊನ್ನೆ ಗೌಡರ ಮರಿಮೊಮ್ಮಗಳೂ ಬಂದಿದ್ದಳು. ಹೊಸ್ತಿಲಿಗೆ ಕರಿಕಾಳಿಟ್ಟು ಕೈಮುಗಿಯುತ್ತಾರೆ, ಅದೇ ಒಂದು ಬಾಗಿಲಲ್ಲಿ ಹೊಕ್ಕು ಹೊರಬರುತ್ತಾರೆ. ಆಮೇಲೆ ದಿಣ್ಣೆ ಇಳಿದು, ಹಳ್ಳದ ದಂಡೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ನೀವೂ ಹೋಗಿ ನೋಡಿ. ಅಲ್ಲಿ ಲೋಟ ಈಗಲೂ ಬೇರೆ ಬೇರೆ.