ಪರದೇಶಕ್ಕೆ ಹೊರಟ ಊದುಬತ್ತಿ ಪೊಟ್ಟಣ

ಇದನ್ನು ಮೊದಲು ಹೇಳಿದವರು ಹೂ ಕಟ್ಟುವ ದೊಡ್ಡತಾಯಮ್ಮ.

ಸೂರಪ್ಪ ಶೆಟ್ಟರ ಊದುಬತ್ತಿ ಮೊದಲ ಸಲ ಜರ್ಮನಿಗೆ ಹೊರಟಿತ್ತು. "ಅಲ್ಲಿಗೆ ಲಕ್ಷ್ಮೀ ಪಟದ ಪೊಟ್ಟಣ ಬೇಡ ಶೆಟ್ರೇ" ಎಂದಳು, ಪೊಟ್ಟಣ ಕಟ್ಟುವ ಚಿಕ್ಕಮಾದಮ್ಮ.

"ನಂಗೇ ವ್ಯಾಪಾರ ಹೇಳ್ಕೊಡ್ತೀಯಾ? ನಾಳೆ ಅದರಲ್ಲೇ ಕಟ್ಟು, ಇಲ್ಲಾ ಕೆಲಸ ಬಿಡು!"

ಅವಳು ಜಗ್ಗಲಿಲ್ಲ. ಮರುದಿನ ಶೆಟ್ಟರು ಬಂದಾಗ ಕಸದಬುಟ್ಟಿಯಲ್ಲೊಂದು ಖಾಲಿ ಪೊಟ್ಟಣವಿತ್ತು. ಅದರ ಮೇಲೆ ಅಂಗಡಿ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ, ಅವರ ತೀರಿಹೋದ ತಂದೆಯ ಪಟ.

"ಯಾರೇ ಅದು, ನಮ್ಮಪ್ಪನ್ನ ಕಸಕ್ಕೆ ಹಾಕಿದ್ದು?"

"ನಾನೇ ಶೆಟ್ರೇ. ಲಕ್ಷ್ಮೀನ ಹಾಕೋಕೆ ಕೈ ಬರಲಿಲ್ಲ. ನಮ್ಮೋರಾದ್ರೆ ಖಾಲಿ ಪೊಟ್ಟಣದ ದೇವರನ್ನೂ ಕಣ್ಣಿಗೊತ್ತಿ ಹೊಳೆಗೆ ಬಿಡ್ತಾರೆ. ಅಲ್ಲಿಯೋರು ಎಲ್ಲಿಗೆ ಹಾಕ್ತಾರೆ, ನೀವೇ ಹೇಳಿ."

ಶೆಟ್ಟರು ಬಗ್ಗಿ ತಂದೆಯನ್ನು ಎತ್ತಿ, ಪಂಚೆಯಲ್ಲಿ ಒರೆಸಿ, ಜೇಬಿಗಿಟ್ಟುಕೊಂಡರು.

"ನಮ್ಮಪ್ಪನ ಅಪ್ಪಣೆ ಆಯ್ತು ಕಣಮ್ಮ. ಜರ್ಮನಿಗೆ ಮಲ್ಲಿಗೆ ಹೂವಿನ ಪಟ."

ಊದುಬತ್ತಿ ಹಚ್ಚುವ ಮನೆಗಳಲ್ಲೆಲ್ಲ ಇದನ್ನೊಮ್ಮೆ ಹೇಳಿ.